ಹಾರ್ಡ್‌ಡಿಸ್ಕ್ ಇಲ್ಲದ 12 ಕಂಪ್ಯೂಟರ್, ನಾಲ್ಕು ತುಲಾ ಮಳೆ: ಎಲ್‌ಟಿಎಸ್‌ಪಿ ಬಳಸಿದ ಅನುಭವ

ಕಾಸರಗೋಡಿನ ಮುಳ್ಳೇರಿಯದಲ್ಲಿ ರಸ್ತೆ ಬದಿಯ ಕಟ್ಟಡದ ಮಾಳಿಗೆಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಕ್ಲಾಸ್ ಇದೆ. ಬೆಳಿಗ್ಗೆ ಪ್ಲಸ್ ಟು ಮುಗಿಸಿದವರು, ಮಧ್ಯಾಹ್ನ ಟೈಪಿಂಗ್ ಕಲಿಯುವ ಒಂದಿಬ್ಬರು ಅಕ್ಕಂದಿರು, ಸಂಜೆ ಶಾಲೆ ಬಿಟ್ಟ ಮಕ್ಕಳು. 2021ರಲ್ಲಿ ಕೊರೋನಾದಿಂದ ಕ್ಲಾಸ್ ಮುಚ್ಚಿತ್ತು, ಕೈಯಲ್ಲಿ ಸಮಯ ಬೇಕಾದಷ್ಟಿತ್ತು. ತೆರೆದು ನೋಡಿದರೆ 12 ಕಂಪ್ಯೂಟರಿನಲ್ಲಿ ಐದರ ಹಾರ್ಡ್‌ಡಿಸ್ಕ್ ಕಟಕಟ ಅನ್ನುತ್ತಿತ್ತು. ಹನ್ನೆರಡಕ್ಕೂ ಎಸ್‌ಎಸ್‌ಡಿ ಹಾಕಿಸುವ ದುಡ್ಡು ಇರಲಿಲ್ಲ. ಆ ವರ್ಷದ ಅಡಿಕೆ ದುಡ್ಡಿನಿಂದ 16 ಜಿಬಿ ರ‍್ಯಾಮ್ ಇರುವ ಒಂದು ಸೆಕೆಂಡ್ ಹ್ಯಾಂಡ್ ಐ5 ಕಂಪ್ಯೂಟರನ್ನು ಸರ್ವರ್ ಮಾಡಲೆಂದು ತಂದೆ. ಉಳಿದವುಗಳ ಡಿಸ್ಕ್ ಎಲ್ಲ ಬಿಚ್ಚಿ ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿದೆ.

ಎಲ್‌ಟಿಎಸ್‌ಪಿ ಅಂದರೆ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್: ಡಿಸ್ಕ್ ಇಲ್ಲದ ಕಂಪ್ಯೂಟರುಗಳನ್ನು ಲ್ಯಾನ್ ಕೇಬಲ್ ಮೂಲಕ ಒಂದೇ ಸರ್ವರಿನಿಂದ ಬೂಟ್ ಮಾಡಿಸುವ, ಅಂದರೆ ಶುರು ಮಾಡಿಸುವ ಸಾಫ್ಟ್‌ವೇರ್. ಇದಕ್ಕಿಂತ ಉದ್ದಕ್ಕೆ ಬರೆಯುವುದಿಲ್ಲ. ಒಂದು ಎಚ್ಚರಿಕೆ ಮಾತ್ರ. ಇದು 1999ರಿಂದ ಇರುವ ಪ್ರಾಜೆಕ್ಟ್. 2019ರಲ್ಲಿ ಪೂರ್ತಿ ಹೊಸದಾಗಿ ಬರೆದಿದ್ದಾರೆ. ಹುಡುಕಿದರೆ ಸಿಗುವ ಪಾಠಗಳಲ್ಲಿ ಜಾಸ್ತಿ ಹಳೆಯದರವು. ‘ಎಲ್‌ಟಿಎಸ್‌ಪಿ ಬಿಲ್ಡ್ ಕ್ಲೈಂಟ್’ ಅನ್ನುವ ಕಮಾಂಡ್ ಕಂಡರೆ ಆ ಪುಟ ಮುಚ್ಚಿಬಿಡಿ. ಆ ಕಮಾಂಡಿನ ಹಿಂದೆ ಬಿದ್ದು ನಾನು ಎರಡು ದಿನ ಕಳೆದೆ. ಹೊಸದರಲ್ಲಿ ಸರ್ವರಿಗೆ ಏನೇನು ಹಾಕಿದ್ದೀರೋ ಅದೇ ಇಮೇಜ್ (ಪೂರ್ತಿ ನಕಲು) ಆಗಿ ಎಲ್ಲ ಕಂಪ್ಯೂಟರಿಗೂ ಹೋಗುತ್ತದೆ. ನಾನು ಹಾಕಿದ್ದು ಲಿನಕ್ಸ್ ಮಿಂಟ್, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಇಂಟರ್ನೆಟ್ ಮೋಡೆಮನ್ನು ಮುಟ್ಟಬೇಕಾಗಲಿಲ್ಲ. ಐಪಿ ವಿಳಾಸ ಕೊಡುವುದು ಮೋಡೆಮಿನ ಕೆಲಸವಾಗಿಯೇ ಉಳಿಯಿತು, ಬೂಟ್ ಎಲ್ಲಿಂದ ಆಗಬೇಕು ಎಂದು ಹೇಳುವುದು ಮಾತ್ರ ಸರ್ವರಿನಲ್ಲಿರುವ ಡಿಎನ್‌ಎಸ್‌ಮಾಸ್ಕ್ ಅನ್ನುವ ಪ್ರೋಗ್ರಾಂ.

ಮೊದಲ ವರ್ಷ ನಾನು ಸಿಕ್ಕಿದವರಿಗೆಲ್ಲ ಇದನ್ನು ಹೊಗಳಿದ್ದೇ ಹೊಗಳಿದ್ದು.

ಬೆಳಿಗ್ಗೆ ಎಂಟೂವರೆಗೆ ಮನೆಯಲ್ಲಿ ಸರ್ವರ್ ಆನ್ ಮಾಡಿ, ಚಹಾ ಕುಡಿದು, ಕೀ ಹಿಡಿದುಕೊಂಡು ಅಂಗಳ ದಾಟುತ್ತೇನೆ. ಮೇಲೆ ಹೋಗಿ ಲ್ಯಾನ್ ಸ್ವಿಚ್ಚಿನ (ಎಲ್ಲ ಕೇಬಲ್ ಬಂದು ಸೇರುವ ಪೆಟ್ಟಿಗೆ) ಹಸಿರು ದೀಪ ನೋಡಿ, ಕಿಟಕಿ ಬದಿಯಿಂದ ಸಾಲಾಗಿ 12 ಪವರ್ ಬಟನ್ ಒತ್ತಿಕೊಂಡು ಬರುವುದು. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ, ಚುಕ್ಕಿ ಚುಕ್ಕಿ, ಆಮೇಲೆ ಒಂದೊಂದಾಗಿ ಲಾಗಿನ್ ಪರದೆ. ಮೊದಲು ಹಳೆಯ 100 ಎಂಬಿಪಿಎಸ್ ಸ್ವಿಚ್ ಇತ್ತು, ಆಗ ಹನ್ನೆರಡೂ ಏಳಲು ಐದು ನಿಮಿಷದ ಮೇಲೆ ಬೇಕಿತ್ತು. ಸೆಕೆಂಡಿಗೆ ಹೆಚ್ಚೆಂದರೆ 12 ಎಂಬಿ ಹೋಗುವ ದಾರಿಯಲ್ಲಿ 12 ಜನ ಒಟ್ಟಿಗೆ ನುಗ್ಗಿದರೆ ಇನ್ನೇನಾಗುತ್ತದೆ? ಗಿಗಾಬಿಟ್ ಸ್ವಿಚ್ ತಂದ ಮೇಲೆ ಚಪ್ಪಲಿ ಬಿಟ್ಟು ಮಕ್ಕಳು ಕೂರುವುದರೊಳಗೆ ರೆಡಿ. ಸ್ವಿಚ್ಚಿನಲ್ಲಿ ದುಡ್ಡು ಉಳಿಸಬೇಡಿ.

ಕನ್ನಡದ ಕೀಬೋರ್ಡ್ ಒಮ್ಮೆ ಸರ್ವರಿನಲ್ಲಿ ಹಾಕಿದೆ, ಕಗಪ ವಿನ್ಯಾಸದ್ದು. ಪಕ್ಕಕ್ಕೆ ಮಲಯಾಳದ್ದೂ ಹಾಕಿದೆ, ನಮ್ಮಲ್ಲಿ ಎರಡೂ ಮಾಧ್ಯಮದವರು ಬರುತ್ತಾರಲ್ಲ. ‘ಎಲ್‌ಟಿಎಸ್‌ಪಿ ಇಮೇಜ್’ ಕಮಾಂಡ್ ಕೊಟ್ಟು ತೋಟಕ್ಕೆ ಒಂದು ಸುತ್ತು ಹೋಗಿ ಬಂದೆ. ಮರುದಿನ ಎಲ್ಲ ಕಂಪ್ಯೂಟರಿನಲ್ಲೂ ಇತ್ತು. ಹಿಂದೆ ಇದೇ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಹೋಗುತ್ತಿತ್ತು. ಹೊಸ ಇಮೇಜ್ ಕೈಕೊಟ್ಟರೆ ಹಳೆಯದು ‘ಓಲ್ಡ್’ ಎಂಬ ಬಾಲ ಹಚ್ಚಿಕೊಂಡು ಅಲ್ಲೇ ಇರುತ್ತದೆ. ಹೆಸರು ಬದಲಿಸಿದರೆ ಆಯಿತು. ಎರಡು ಸಲ ಅದು ನನ್ನ ಮಾನ ಉಳಿಸಿದೆ.

ಇನ್ನು ಬೈಗುಳದ ಭಾಗ.

ಸರ್ವರ್ ಇರುವುದು ಮನೆಯಲ್ಲಿ, ಇನ್ವರ್ಟರ್ ಅಲ್ಲೇ ಇರುವುದರಿಂದ. ಕ್ಲಾಸ್ ಇರುವುದು ಅಂಗಳದಾಚೆ. ನಡುವೆ ಸುಮಾರು 45 ಮೀಟರ್ ಲ್ಯಾನ್ ಕೇಬಲ್, ಪೈಪಿನೊಳಗೆ ಹಾಕಿ ಹೂತದ್ದು. 2022ರ ಅಕ್ಟೋಬರ್‌ನ ಒಂದು ಸಂಜೆ ಮೂಡು ಗುಡ್ಡದ ಮೇಲೆ ಮೋಡ ಕಟ್ಟಿ ಗುಡುಗು ಶುರುವಾಯಿತು. ತುಲಾ ಮಳೆ ಅಂದರೆ ಅಕ್ಟೋಬರ್, ನವೆಂಬರ್ ಹೊತ್ತಿನ ಗುಡುಗು ಮಳೆ, ನಮ್ಮ ಕಡೆಯವರಿಗೆ ಗೊತ್ತಲ್ಲ, ಮಳೆಗಿಂತ ಸದ್ದೇ ಜಾಸ್ತಿ. ಮೈನ್ ಸ್ವಿಚ್ ಆಫ್ ಮಾಡಿದ್ದೆ, ಧೈರ್ಯವಾಗಿದ್ದೆ. ಸಿಡಿಲು ಬಿದ್ದದ್ದು ಎಲ್ಲೋ ಆಚೆ ಗುಡ್ಡದಲ್ಲಿ. ಮರುದಿನ ಬೆಳಿಗ್ಗೆ ಮೂರು ಕಂಪ್ಯೂಟರಿನಲ್ಲಿ ಒಂದೇ ಸಾಲು: ‘ಪಿಎಕ್ಸ್‌ಇ ಇ61, ಮೀಡಿಯಾ ಟೆಸ್ಟ್ ಫೇಲ್ಯೂರ್, ಚೆಕ್ ಕೇಬಲ್’. ಅಂದರೆ ಲ್ಯಾನ್ ಸಂಪರ್ಕವೇ ಸಿಗುತ್ತಿಲ್ಲ.

ಕೇಬಲ್ ಚೆಕ್ ಮಾಡಿದೆ, ಬದಲಿಸಿದೆ, ಕ್ಲಿಪ್ ಹೊಸದಾಗಿ ಒತ್ತಿದೆ. ಕೊನೆಗೆ ನೋಡಿದರೆ ಮದರ್‌ಬೋರ್ಡಿನ ಲ್ಯಾನ್ ಪೋರ್ಟೇ ಹೋಗಿದೆ. ಸ್ವಿಚ್ಚಿನಲ್ಲೂ ನಾಲ್ಕು ಪೋರ್ಟ್ ಸತ್ತಿದ್ದವು. ಕರೆಂಟಿನ ಕಡೆಯಿಂದ ಏನೂ ಬಂದಿರಲಿಲ್ಲ. ಎರಡು ಕಟ್ಟಡ, ಎರಡು ಅರ್ತಿಂಗ್, ನಡುವೆ ಉದ್ದಕ್ಕೆ ತಾಮ್ರದ ತಂತಿ. ಸಿಡಿಲು ದೂರ ಬಿದ್ದರೂ ಆ ತಂತಿಯಲ್ಲಿ ವೋಲ್ಟೇಜ್ ಏರುತ್ತದೆ, ಅದು ಹೋಗಿ ಮುಟ್ಟುವುದು ಪೋರ್ಟಿಗೆ. ಮೈನ್ ಸ್ವಿಚ್ ಇದಕ್ಕೆ ಏನು ಮಾಡೀತು?

ಡಿಸ್ಕ್ ಇರುವ ಕಂಪ್ಯೂಟರಿಗೆ ಲ್ಯಾನ್ ಹೋದರೆ ಇಂಟರ್ನೆಟ್ ಇಲ್ಲ, ಅಷ್ಟೇ. ಡಿಸ್ಕ್ ಇಲ್ಲದ್ದಕ್ಕೆ ಲ್ಯಾನ್ ಹೋದರೆ ಅದು ಬರೀ ತಗಡಿನ ಪೆಟ್ಟಿಗೆ. ನಾನು ಓದಿದ ಯಾವ ಪಾಠದಲ್ಲೂ ಈ ಮಾತು ಇರಲಿಲ್ಲ.

ಅಂದಿನಿಂದ ಮಧ್ಯಾಹ್ನ ಮೂರು ಗಂಟೆಯ ನಂತರ ಆಕಾಶ ನೋಡುವುದು ಒಂದು ಕೆಲಸವಾಯಿತು. ಮೋಡ ಕಂಡರೆ ಅಮ್ಮ ಅಂಗಳದಿಂದಲೇ ಕೂಗುತ್ತಾರೆ, “ವಯರ್ ತೆಗೆದೆಯಾ ಮಗಾ?” ಪಾಠ ನಿಲ್ಲಿಸಿ, ಮಕ್ಕಳನ್ನು ಲಾಗೌಟ್ ಮಾಡಿಸಿ, ಎರಡೂ ಕಡೆ ಕೇಬಲ್ ಕಿತ್ತು ಮೊಳೆಗೆ ನೇತು ಹಾಕುವುದು. ಏಪ್ರಿಲ್‌ನಲ್ಲಿ ವಿಷು ಹೊತ್ತಿನಲ್ಲೂ ಇದೇ ಕತೆ. ಎಷ್ಟೋ ದಿನ ಹನಿ ಸಹ ಬೀಳದೆ ಮೋಡ ಹಾಗೆಯೇ ಹೋಗಿದೆ, ನನ್ನ ಒಂದು ಗಂಟೆ ಕ್ಲಾಸ್ ಮಾತ್ರ ಹೋಯಿತು. 2023ರಲ್ಲಿ ಒಂದು ದಿನ ಕಾಸರಗೋಡಿಗೆ ಹೋಗಿದ್ದೆ, ಕೀಳುವವರಿರಲಿಲ್ಲ. ಇನ್ನೂ ಎರಡು ಹೋದವು. ಇದನ್ನೆಲ್ಲ ಕಿತ್ತೆಸೆದು ಮತ್ತೆ ಹಾರ್ಡ್‌ಡಿಸ್ಕ್ ಹಾಕುತ್ತೇನೆ ಎಂದು ಆ ಬಿಸ್ಕತ್ತಿನ ಡಬ್ಬ ಕೆಳಗಿಳಿಸಿದ್ದೂ ಆಯಿತು.

ತಡೆದದ್ದು ನಮ್ಮ ಟಿವಿ ಕೇಬಲ್‌ನ ಹುಡುಗ. “ಮಾಷ್ಟ್ರೇ, ತಾಮ್ರ ಯಾಕೆ? ಫೈಬರ್ ಎಳೆಯುವ, ಗಾಜಿನಲ್ಲಿ ಸಿಡಿಲು ಬರುವುದಿಲ್ಲ” ಅಂದ. ಅವನಲ್ಲಿ ಉಳಿದಿದ್ದ ತುಂಡು ಫೈಬರ್, ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಎರಡು ಮೀಡಿಯಾ ಕನ್ವರ್ಟರ್. ಎಲ್ಲ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು. ಮೂರು ಸಾವಿರದ ಸ್ವಿಚ್ ಸುಟ್ಟುಕೊಂಡ ಮೇಲೆ ಬಂದ ಬುದ್ಧಿ. 2024ರ ತುಲಾ ಮಳೆಯಲ್ಲಿ ಒಂದೂ ಪೋರ್ಟ್ ಹೋಗಲಿಲ್ಲ. ಆದರೂ ಅಮ್ಮ ಕೂಗುವುದನ್ನು ಬಿಟ್ಟಿಲ್ಲ, ನಾನು ಕೀಳುವುದನ್ನೂ ಬಿಟ್ಟಿಲ್ಲ.

ಕನ್ವರ್ಟರಿನ ಅಡಾಪ್ಟರ್ ಮತ್ತು ಸ್ವಿಚ್ ಎರಡನ್ನೂ ಯುಪಿಎಸ್‌ಗೆ ಕೊಡಿ. ಸರ್ವರಿಗೆ ಮಾತ್ರ ಕೊಟ್ಟರೆ ಸಾಲದು. ಕರೆಂಟು ಕಣ್ಣು ಮಿಟುಕಿಸಿದರೂ ಸಾಕು, 12 ಪರದೆಯಲ್ಲೂ ಮೌಸಿನ ಬಾಣ ಓಡಾಡುತ್ತದೆ, ಏನು ಒತ್ತಿದರೂ ತೆರೆಯುವುದಿಲ್ಲ.

ಸಣ್ಣ ಕಿರಿಕಿರಿ ಇನ್ನೊಂದಿದೆ. ಹೊಸ ಮಗು ಸೇರಿದಾಗ ಸರ್ವರಿನಲ್ಲಿ ಹೆಸರು ಸೇರಿಸಿದ ಮೇಲೆ ‘ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ’ ಕಮಾಂಡ್ ಕೊಡಲೇಬೇಕು, ಆ ಕಂಪ್ಯೂಟರನ್ನು ಒಮ್ಮೆ ಮತ್ತೆ ಬೂಟ್ ಮಾಡಬೇಕು. ಇಲ್ಲದಿದ್ದರೆ ಪಾಸ್‌ವರ್ಡ್ ಸರಿ ಇದ್ದರೂ ಒಳಗೆ ಬಿಡುವುದಿಲ್ಲ. ಜೂನ್ ತಿಂಗಳಲ್ಲಿ ನಾನು ಇದನ್ನು ತಪ್ಪದೆ ಮರೆಯುತ್ತೇನೆ. “ಮಾಷ್ಟ್ರೇ, ನನ್ನದು ಬರುವುದಿಲ್ಲ” ಎಂದು ಮೊದಲ ದಿನವೇ ಕಣ್ಣು ತುಂಬಿಕೊಂಡು ನಿಂತವರಿದ್ದಾರೆ. ಒಳಗೆ ಹೋದ ಮೇಲೆ ಮಾತ್ರ ಬೇರೆಯೇ ಖುಷಿ. ಯಾವ ಕಂಪ್ಯೂಟರಿನಲ್ಲಿ ಕೂತರೂ ತಾನಿಟ್ಟ ಯಕ್ಷಗಾನದ ವಾಲ್‌ಪೇಪರ್, ತಾನು ಅರ್ಧ ಬಿಡಿಸಿದ ಚಿತ್ರ. ಕಿಟಕಿ ಬದಿಯ ಕಂಪ್ಯೂಟರಿಗಾಗಿ ಆಗುತ್ತಿದ್ದ ಜಗಳ ನಿಂತೇ ಹೋಯಿತು.

2 ಜಿಬಿ ರ‍್ಯಾಮ್ ಇರುವವರು ಬ್ರೌಸರಿನಲ್ಲಿ ಜಾಸ್ತಿ ಟ್ಯಾಬ್ ತೆರೆಯುವ ಆಸೆ ಇಟ್ಟುಕೊಳ್ಳಬೇಡಿ. ಹೊಸ ಎಲ್‌ಟಿಎಸ್‌ಪಿಯಲ್ಲಿ ಪ್ರೋಗ್ರಾಂ ಓಡುವುದು ಮಕ್ಕಳ ಮುಂದಿರುವ ಕಂಪ್ಯೂಟರಿನಲ್ಲೇ, ಸರ್ವರಿನಲ್ಲಿ ಅಲ್ಲ. ನಾನು ಎಲ್ಲದಕ್ಕೂ 4 ಜಿಬಿ ಮಾಡಿಸಿದೆ. ಒಟ್ಟಾರೆ ಎಲ್‌ಟಿಎಸ್‌ಪಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಫೈಬರ್ ಎಳೆಯುವ ಮೊದಲು ಕೇಳಿದ್ದರೆ ಎರಡು ಕೊಡುತ್ತಿದ್ದೆ.

ಪೋರ್ಟ್ ಸುಟ್ಟ ಐದಕ್ಕೂ 350 ರೂಪಾಯಿಯ ಲ್ಯಾನ್ ಕಾರ್ಡ್ ಹಾಕಿದ್ದೇನೆ. ನಾಲ್ಕು ಕಾರ್ಡ್ ತಾವೇ ಬೂಟ್ ಆಗುತ್ತವೆ. ಏಳನೇ ನಂಬರಿನದರಲ್ಲಿ ಲ್ಯಾನ್‌ನಿಂದ ಬೂಟ್ ಮಾಡಿಸುವ ಚಿಪ್ (ಬೂಟ್ ರೋಮ್) ಇಲ್ಲ, ಅದಕ್ಕೆ ಅದೇ ಕೆಲಸ ಮಾಡುವ ಐಪಿಎಕ್ಸ್‌ಇ ಎಂಬ ಪ್ರೋಗ್ರಾಂ ಬರೆದ ಒಂದು ಪೆನ್‌ಡ್ರೈವ್ ಚುಚ್ಚಿ ಕೆಂಪು ದಾರ ಕಟ್ಟಿದ್ದೇನೆ. ಹೋದ ವಾರ ಆ ಪೆನ್‌ಡ್ರೈವ್ ಕಾಣಲಿಲ್ಲ. ಎರಡು ದಿನ ಬಿಟ್ಟು ಎಂಟನೆಯ ಕ್ಲಾಸಿನ ಒಬ್ಬ ತಂದುಕೊಟ್ಟ. “ಇದರಲ್ಲಿ ಏನೂ ಇರಲಿಲ್ಲ ಮಾಷ್ಟ್ರೇ, ಖಾಲಿ. ನಾನು ಫಾರ್ಮ್ಯಾಟ್ ಮಾಡಿ ಪದ್ಯ ಹಾಕಿ ತಂದಿದ್ದೇನೆ, ನೀವೂ ಕೇಳಿ” ಅಂದ.