ಕಸ ಗುಡಿಸುವ ರೋಬೋಟ್: ಮಿಕ್ಸಿಗಿಲ್ಲದ ಮರ್ಯಾದೆ ಇದಕ್ಕೆ ಯಾಕೆ?

ಮೊದಲು ಕೆಲಸದ ವಿಷಯ. ಧೂಳು, ಅಕ್ಕಿ ಕಾಳು, ಕೂದಲು ಚೆನ್ನಾಗಿ ಎಳೆದುಕೊಳ್ಳುತ್ತದೆ. ಒರೆಸುವುದು ಸುಮಾರು. ಒಗ್ಗರಣೆ ಸಿಡಿದ ಜಿಡ್ಡಿನ ಮೇಲೆ ಒದ್ದೆ ಬಟ್ಟೆ ಆಡಿಸಿ ಹೋಗುತ್ತದೆ, ಅಷ್ಟೇ. ಉದ್ದ ಕೂದಲಿನವರಿರುವ ಮನೆಯಾದರೆ ಆಗಾಗ ಬ್ರಷ್ ಬಿಚ್ಚಿ, ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಬಿಡಿಸಲೇಬೇಕು. ದೇವರ ಮನೆ ಹೊಸ್ತಿಲು ಹತ್ತುವುದಿಲ್ಲ. ರಂಗೋಲಿ ಉಳಿಯಿತಲ್ಲ ಅಂತ ಅಮ್ಮನಿಗೆ ಅದೇ ಸಮಾಧಾನ.

ಬಳಸುತ್ತಾ ಬಳಸುತ್ತಾ ನನಗೆ ಜಾಸ್ತಿ ಮಜಾ ಅನ್ನಿಸಿದ್ದು ಮನೆಯವರ ನಡವಳಿಕೆ. ಮಿಕ್ಸಿ ಕೈಕೊಟ್ಟರೆ ಅಮ್ಮ "ದರಿದ್ರದ್ದು" ಅಂತ ಒಂದು ತಟ್ಟುತ್ತಾರೆ. ಇದು ಸೋಫಾ ಕೆಳಗೆ ಸಿಕ್ಕಿಕೊಂಡು ಹಿಂದೆ ಮುಂದೆ ಒದ್ದಾಡಿದರೆ "ಅಯ್ಯೋ ಪಾಪ, ಬಾ ಈ ಕಡೆ" ಅಂತ ಎಳೆದು ಬಿಡುತ್ತಾರೆ. ಆಯುಧ ಪೂಜೆ ಕುಂಕುಮ ಮಿಕ್ಸಿಗೂ ಬೀಳುತ್ತದೆ, ಅದು ಬೇರೆ ಮಾತು. ಆದರೆ ಮಿಕ್ಸಿಗೆ ಯಾರೂ ಕಾಲೆತ್ತಿ ದಾರಿ ಬಿಡುವುದಿಲ್ಲ.

ಇದು ಮಾತಾಡುತ್ತದಲ್ಲ, ಅದಕ್ಕೇ ಇರಬೇಕು ಅಂತ ಧ್ವನಿ ಬಂದ್ ಮಾಡಿ ನೋಡಿದೆ. ಏನೂ ಬದಲಾಗಲಿಲ್ಲ. ಎಲ್ಲಾ ಅದರ ಓಡಾಟದ ಮಹಿಮೆ. 1944ರಲ್ಲೇ ಹೈಡರ್, ಸಿಮೆಲ್ ಎಂಬ ಮನಶ್ಶಾಸ್ತ್ರಜ್ಞರು ಬರೀ ತ್ರಿಕೋನ, ವೃತ್ತಗಳು ಓಡಾಡುವ ಪುಟ್ಟ ಚಿತ್ರವೊಂದನ್ನು ತೋರಿಸಿದ್ದರು. ನೋಡಿದವರಲ್ಲಿ ಹೆಚ್ಚಿನವರು ಜಗಳ, ಹೆದರಿಕೆ ಅಂತ ಕಥೆಯನ್ನೇ ಹೇಳಿದರು. ಹಾಗಿರುವಾಗ ಗೋಡೆಗೆ ತಾಗಿ, ತಿರುಗಿ, ದಾರಿ ಹುಡುಕುವ ಡಬ್ಬವನ್ನು ಕಂಡು ಕನಿಕರ ಬರುವುದು ಸಹಜ.

ತೊಂದರೆ ಏನೆಂದರೆ, ಈ ಕನಿಕರದಲ್ಲಿ ಲೆಕ್ಕ ತಪ್ಪುತ್ತದೆ. ಮೂಲೆ ಬಿಟ್ಟು ಬಂದರೂ "ಅದರ ಕೈಲಾದಷ್ಟು ಮಾಡುತ್ತೆ ಬಿಡು" ಅನ್ನುತ್ತಾರೆ. ಅದೇ ಮೂಲೆಯನ್ನು ಮನೆಗೆಲಸದವರು ಬಿಟ್ಟಿದ್ದರೆ ಮಾತು ಕೇಳಬೇಕಿತ್ತು, ಅಲ್ವಾ? ಇಂಥ ಯಂತ್ರಗಳಿಗೆ ಬೀಳುವ 5 ಸ್ಟಾರ್‌ಗಳನ್ನು ನಾನು ಈಗ ಪೂರ್ತಿ ನಂಬುವುದಿಲ್ಲ.

ಸದ್ಯ ಬ್ಯಾಟರಿ ಸೋತಿದೆ. ಅರ್ಧ ಮನೆ ಮುಗಿಯುವಷ್ಟರಲ್ಲಿ ಚಾರ್ಜರ್ ಹುಡುಕಿಕೊಂಡು ಹೋಗುತ್ತದೆ. ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಳ್ಳಿ ಅಂದರು ಅಂಗಡಿಯವರು. ಅಮ್ಮ ಸುತಾರಾಂ ಒಪ್ಪಲಿಲ್ಲ, "ಇದನ್ನೇ ರಿಪೇರಿ ಮಾಡಿಸು." ನಗಬೇಡಿ. ಸೋನಿ ತನ್ನ ಹಳೆಯ ಐಬೊ ರೋಬೋಟ್ ನಾಯಿಗಳ ರಿಪೇರಿಯನ್ನು 2014ರಲ್ಲಿ ನಿಲ್ಲಿಸಿತು. ಆಮೇಲೆ ಜಪಾನಿನ ಚಿಬಾ ಪ್ರಾಂತ್ಯದ ಕೋಫುಕುಜಿ ದೇವಾಲಯದಲ್ಲಿ ಅವುಗಳಿಗೆ ಅಂತ್ಯಕ್ರಿಯೆಯನ್ನೇ ಮಾಡಿದರು, ಅರ್ಚಕರ ಮಂತ್ರ ಸಮೇತ.

ಕೊಳ್ಳುವ ಮುಂಚೆ ಬ್ಯಾಟರಿ, ಬ್ರಷ್ ಬಿಡಿಯಾಗಿ ಸಿಗುತ್ತವಾ ಅಂತ ವಿಚಾರಿಸಿಕೊಳ್ಳಿ. ಕೆಲಸ ಒಂದನ್ನೇ ನೋಡಿದರೆ ನಾನು ಕೊಡುವುದು 3 ಸ್ಟಾರ್.