ವಿದೇಶ ವಿದ್ಯಾಭ್ಯಾಸ ಸಲಹಾ ಕೇಂದ್ರ: ಕಾಗದಪತ್ರದಲ್ಲಿ ಅಚ್ಚುಕಟ್ಟು, ವಿಶ್ವವಿದ್ಯಾಲಯದ ಅಧ್ಯಕ್ಷರ ವಿಷಯದಲ್ಲಿ ಅಸಡ್ಡೆ

ಅಮೆರಿಕದಲ್ಲಿ ಎಂ.ಎಸ್. ಮಾಡಬೇಕೆನ್ನುವವರಿಗೆ ವಿಶ್ವವಿದ್ಯಾಲಯ ಆರಿಸಿಕೊಡುವುದರಿಂದ ಹಿಡಿದು ವೀಸಾ ಸಂದರ್ಶನದ ತಯಾರಿಯವರೆಗೆ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತೇವೆ ಎನ್ನುವ ಸಲಹಾ ಕೇಂದ್ರಗಳು ಈಗ ದಾವಣಗೆರೆಯಲ್ಲೂ ಇವೆ. ಇಲ್ಲಿಯೇ ಎಂಜಿನಿಯರಿಂಗ್ ಮುಗಿಸಿದ ನನ್ನ ತಂಗಿಯ ಮಗಳಿಗಾಗಿ ಅಂಥದೊಂದು ಕೇಂದ್ರಕ್ಕೆ 15,000 ರೂಪಾಯಿ ಶುಲ್ಕ ಕಟ್ಟಿ ಸೇವೆ ಪಡೆದೆವು. ಕೇಂದ್ರದ ಹೆಸರು ಬರೆಯುತ್ತಿಲ್ಲ. ನಾನು ಕಂಡ ಕೊರತೆ ಈ ವ್ಯವಹಾರದಲ್ಲಿರುವ ಹೆಚ್ಚಿನವರಲ್ಲಿ ಇದ್ದೀತೆಂಬುದು ನನ್ನ ಅನುಮಾನ.

ಮೊದಲು ಒಳ್ಳೆಯದನ್ನು ಹೇಳಬೇಕು. ಕಾಗದಪತ್ರದ ಕೆಲಸದಲ್ಲಿ ಅವರನ್ನು ಮೆಚ್ಚಲೇಬೇಕು. ಚನ್ನಗಿರಿ ಕಡೆಯ ಅಡಿಕೆ ತೋಟವನ್ನು ಶಿಕ್ಷಣ ಸಾಲಕ್ಕೆ ಆಧಾರವಾಗಿ ತೋರಿಸುವಾಗ ಬ್ಯಾಂಕಿನವರು ಏನೇನು ಕೇಳುತ್ತಾರೆ, ಪಹಣಿಯಲ್ಲಿ ಅಜ್ಜನ ಹೆಸರೇ ಉಳಿದಿದ್ದರೆ ಪೌತಿ ಖಾತೆಗೆ ಎಷ್ಟು ಮುಂಚೆ ಓಡಾಡಬೇಕು ಎಂಬುದೆಲ್ಲ ಮೇಜಿನ ಹಿಂದೆ ಕುಳಿತ ಆ ಹುಡುಗಿಗೆ ಬಾಯಿಪಾಠವಾಗಿತ್ತು. ವಿ.ಟಿ.ಯು. ಅಂಕಪಟ್ಟಿಗಳನ್ನು ಸೆಮಿಸ್ಟರ್‌ವಾರು ಜೋಡಿಸಿ, ಪ್ರತಿ ಹಾಳೆಗೂ ಬಣ್ಣದ ಚೀಟಿ ಅಂಟಿಸಿ ಕೊಟ್ಟ ಕಡತ ಬ್ಯಾಂಕಿನಲ್ಲಿ ಒಮ್ಮೆಯೂ ವಾಪಸ್ ಬರಲಿಲ್ಲ.

ತಕರಾರು ಇರುವುದು ಕಡತದ ಎರಡನೆಯ ಭಾಗದ ಬಗ್ಗೆ. ಅವರು ಸೂಚಿಸಿದ ಪ್ರತಿಯೊಂದು ವಿಶ್ವವಿದ್ಯಾಲಯಕ್ಕೂ ಹೊಳಪು ಕಾಗದದ ಒಂದು ಹಾಳೆ ಇತ್ತು. ಅದರಲ್ಲಿ ರ‍್ಯಾಂಕಿಂಗ್, ಬೋಧನಾ ಶುಲ್ಕ, ಊಟ ವಸತಿಯ ಅಂದಾಜು ಮತ್ತು ಮೇಲೆ ಬಲಗಡೆ ಅಧ್ಯಕ್ಷರ ನಗುಮುಖದ ಚಿತ್ರದೊಂದಿಗೆ ನಾಲ್ಕು ಸಾಲಿನ ಸ್ವಾಗತ. ಮನೆಗೆ ಬಂದು ಪರಿಶೀಲಿಸಿದಾಗ, ಪಟ್ಟಿಯಲ್ಲಿ ಮೊದಲಿದ್ದ ವಿಶ್ವವಿದ್ಯಾಲಯದ ಆ ಮಹನೀಯರು ಹುದ್ದೆ ಬಿಟ್ಟಾಗಿತ್ತು; ಹಂಗಾಮಿ ಅಧ್ಯಕ್ಷರೊಬ್ಬರು ಅಧಿಕಾರದಲ್ಲಿದ್ದರು. ಮುಂದಿನ ಭೇಟಿಯಲ್ಲಿ ಇದನ್ನು ಎತ್ತಿದರೆ ಸಲಹೆಗಾರರು, ‘ಅಧ್ಯಕ್ಷರು ಯಾರಾದರೇನು ಸರ್, ನಮ್ಮ ಕಡೆ ಕಾಲೇಜುಗಳಿಗೆ ಆಡಳಿತ ಮಂಡಳಿ ಅಧ್ಯಕ್ಷರು ಇರ್ತಾರಲ್ಲ, ಹಾಗೇ. ಪಾಠಕ್ಕೂ ಅವರಿಗೂ ಏನು ಸಂಬಂಧ?’ ಎಂದು ಚಹಾ ತರಿಸಿದರು.

ಈ ಉತ್ತರವೇ ಸೇವೆಯ ದೊಡ್ಡ ದೋಷ ಎಂದು ನಾನು ಭಾವಿಸುತ್ತೇನೆ. ನಮ್ಮಲ್ಲಿ ವಿದ್ಯಾಸಂಸ್ಥೆಯ ಅಧ್ಯಕ್ಷರೆಂದರೆ ಸಂಸ್ಥೆಯ ಯಜಮಾನಿಕೆಯ ಸ್ಥಾನ. ಅಮೆರಿಕದ ವಿಶ್ವವಿದ್ಯಾಲಯದ ಅಧ್ಯಕ್ಷ ಟ್ರಸ್ಟಿಗಳ ಮಂಡಳಿ ನೇಮಿಸಿದ, ಅದೇ ಮಂಡಳಿ ಕಳುಹಿಸಿಬಿಡಬಹುದಾದ ಸಂಬಳದ ಅಧಿಕಾರಿ. ನಮ್ಮ ಶಿವಗಂಗೋತ್ರಿಯ ದಾವಣಗೆರೆ ವಿಶ್ವವಿದ್ಯಾಲಯದ ಕುಲಪತಿಗೂ ಅವರನ್ನು ಪೂರ್ತಿ ಹೋಲಿಸಲಾಗದು. ಇಲ್ಲಿ ಶೋಧನಾ ಸಮಿತಿ ಹೆಸರುಗಳನ್ನು ಸೂಚಿಸುತ್ತದೆ, ಕುಲಾಧಿಪತಿಗಳಾದ ರಾಜ್ಯಪಾಲರು ನೇಮಿಸುತ್ತಾರೆ, ಅವಧಿ ನಾಲ್ಕು ವರ್ಷವೆಂದು ಕಾಯ್ದೆಯಲ್ಲೇ ಬರೆದಿದೆ. ಅಲ್ಲಿ ಹಾಗೆ ಕಾಯ್ದೆ ಕಟ್ಟಿದ ಒಂದೇ ಅವಧಿ ಇಲ್ಲ. ಕರಾರಿನಂತೆ ನಡೆಯುತ್ತದೆ, ಮಂಡಳಿಯ ವಿಶ್ವಾಸ ಇರುವವರೆಗೆ ಮುಂದುವರಿಯುತ್ತದೆ. ಯಾವ ವಿಭಾಗ ಬೆಳೆಯಬೇಕು, ಯಾವುದನ್ನು ಮುಚ್ಚಬೇಕು, ದಾನಿಗಳಿಂದ ಎಷ್ಟು ಹಣ ತರಬೇಕು, ಹೊರದೇಶದ ಎಷ್ಟು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕು ಎಂಬ ನಿರ್ಧಾರಗಳೆಲ್ಲ ಆ ಮೇಜಿನ ಮೇಲಿನಿಂದಲೇ ಮಂಡಳಿಯ ಮುಂದೆ ಹೋಗುತ್ತವೆ.

ಆ ಮೇಜನ್ನು ತಲುಪುವ ದಾರಿ ಹೇಗಿರುತ್ತದೆ ಎಂಬುದಕ್ಕೆ ಕನ್ನಡಿಗರು ಹೆಚ್ಚು ದೂರ ಹುಡುಕಬೇಕಾಗಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಓದಿದ ಕುಂಬ್ಳೆ ಆರ್. ಸುಬ್ಬಸ್ವಾಮಿ ದೆಹಲಿಯಲ್ಲಿ ಎಂ.ಎಸ್ಸಿ. ಮಾಡಿ, ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಪಡೆದರು. ಕೆಂಟಕಿ ವಿಶ್ವವಿದ್ಯಾಲಯದಲ್ಲಿ ವರ್ಷಾನುಗಟ್ಟಲೆ ಪಾಠ ಮಾಡಿ, ಮಯಾಮಿಯಲ್ಲೂ ಆಮೇಲೆ ತಾವು ಓದಿದ ಇಂಡಿಯಾನಾದಲ್ಲೂ ಡೀನ್ ಆಗಿ, 2006ರಲ್ಲಿ ಕೆಂಟಕಿಗೆ ಮರಳಿ ಪ್ರೊವೊಸ್ಟ್, ಎಂದರೆ ಮುಖ್ಯ ಶೈಕ್ಷಣಿಕ ಅಧಿಕಾರಿ, ಆದರು. 2012ರಿಂದ 2023ರವರೆಗೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ಸಿನ ಮುಖ್ಯಸ್ಥರಾಗಿದ್ದರು. ಅಲ್ಲಿ ಕ್ಯಾಂಪಸ್ಸಿನ ಮುಖ್ಯಸ್ಥರನ್ನು ಚಾನ್ಸಲರ್ ಎನ್ನುತ್ತಾರೆ, ಎಲ್ಲ ಕ್ಯಾಂಪಸ್‌ಗಳ ಮೇಲೆ ಬೇರೊಬ್ಬ ಅಧ್ಯಕ್ಷರಿರುತ್ತಾರೆ. ಅಧ್ಯಾಪಕ, ವಿಭಾಗದ ಮುಖ್ಯಸ್ಥ, ಡೀನ್, ಪ್ರೊವೊಸ್ಟ್, ಆಮೇಲೆ ಅಧ್ಯಕ್ಷ: ಸಾಮಾನ್ಯವಾಗಿ ನಡೆಯುವ ಏಣಿ ಇದು. ಗಮನಿಸಬೇಕಾದ್ದೇನೆಂದರೆ ಬಡ್ತಿಗೆ ಬಹುಪಾಲು ಊರು ಬದಲಿಸಬೇಕು. ನಮ್ಮಲ್ಲಿ ಸೇರಿದ ಕಾಲೇಜಿನಲ್ಲೇ ಪ್ರಾಂಶುಪಾಲರಾಗಿ ನಿವೃತ್ತರಾಗುವವರನ್ನು ಕಂಡವರಿಗೆ ಇದು ವಿಚಿತ್ರವೆನಿಸಬಹುದು. ಫರೂಖಾಬಾದಿನಲ್ಲಿ ಹುಟ್ಟಿದ ರೇಣು ಖಾಟೋರ್ ಫ್ಲಾರಿಡಾದಲ್ಲಿ ಪ್ರೊವೊಸ್ಟ್ ಆಗಿದ್ದವರು. 2008ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಚುಕ್ಕಾಣಿ ಹಿಡಿದರು.

ಇಷ್ಟೂ ಮಾಹಿತಿ ವಿದ್ಯಾರ್ಥಿಗೆ ಏಕೆ ಬೇಕು ಎಂದು ಸಲಹೆಗಾರರು ಕೇಳಿದಂತೆ ಓದುಗರೂ ಕೇಳಬಹುದು. ಹಾರ್ವರ್ಡ್‌ನಲ್ಲಿ ಚಾರ್ಲ್ಸ್ ವಿಲಿಯಂ ಎಲಿಯಟ್ 1869ರಿಂದ 1909ರವರೆಗೆ ನಲವತ್ತು ವರ್ಷ ಅಧ್ಯಕ್ಷರಾಗಿದ್ದರು. ವಿದ್ಯಾರ್ಥಿ ತನಗೆ ಬೇಕಾದ ವಿಷಯಗಳನ್ನು ತಾನೇ ಆರಿಸಿಕೊಳ್ಳುವ ಪದ್ಧತಿ ಅವರ ಕಾಲದಲ್ಲಿ ಬೇರೂರಿತು. ಅಂಥ ದೀರ್ಘಾವಧಿ ಈಗ ಅಪರೂಪ. ಅಲ್ಲಿನ ಉನ್ನತ ಶಿಕ್ಷಣ ಸಂಸ್ಥೆಗಳ ಒಕ್ಕೂಟವಾದ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ನಡೆಸುವ ಸಮೀಕ್ಷೆಯ ಪ್ರಕಾರ, ಹುದ್ದೆಯಲ್ಲಿರುವ ಅಧ್ಯಕ್ಷರು ಆ ಕುರ್ಚಿಯಲ್ಲಿ ಕಳೆದ ಸರಾಸರಿ ಕಾಲ 2006ರಲ್ಲಿ 8.5 ವರ್ಷವಿದ್ದದ್ದು 2022ರ ಸಮೀಕ್ಷೆಗೆ 5.9ಕ್ಕೆ ಇಳಿದಿದೆ. ಎಂದರೆ ಪಿಎಚ್.ಡಿ.ಗೆಂದು ಹೋದವರು ಒಬ್ಬ ಅಧ್ಯಕ್ಷರ ಭರವಸೆಯಲ್ಲಿ ಸೇರಿ ಇನ್ನೊಬ್ಬರ ಮಿತವ್ಯಯದಲ್ಲಿ ಪದವಿ ಪಡೆಯುವ ಸಂಭವ ಚೆನ್ನಾಗಿಯೇ ಇದೆ.

ಗಾರ್ಡನ್ ಗೀ ಅವರ ವೃತ್ತಿಯನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 1981ರಲ್ಲಿ ಮೂವತ್ತೇಳರ ವಯಸ್ಸಿನಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾದ ಅವರು ಕೊಲರಾಡೋ, ಓಹಾಯೋ ಸ್ಟೇಟ್, ಬ್ರೌನ್, ವ್ಯಾಂಡರ್‌ಬಿಲ್ಟ್, ಮತ್ತೆ ಓಹಾಯೋ ಸ್ಟೇಟ್ ಸುತ್ತಿ 2014ರಲ್ಲಿ ಪುನಃ ವೆಸ್ಟ್ ವರ್ಜೀನಿಯಾಕ್ಕೇ ಬಂದರು. ಬೋ ಟೈ ಕಟ್ಟಿಕೊಂಡು ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದ್ದ ಜನಪ್ರಿಯ ವ್ಯಕ್ತಿ. ಆದರೆ ಅವರ ಅವಧಿಯಲ್ಲೇ, 2023ರಲ್ಲಿ, ಸುಮಾರು 4.5 ಕೋಟಿ ಡಾಲರ್ ಕೊರತೆಯನ್ನು ಮುಂದಿಟ್ಟುಕೊಂಡು ಆಡಳಿತ ಮಂಡಳಿ 28 ಕೋರ್ಸುಗಳನ್ನೂ 143 ಅಧ್ಯಾಪಕ ಹುದ್ದೆಗಳನ್ನೂ ಕೈಬಿಡಲು ಮತ ಹಾಕಿತು. ಗಣಿತದ ಸ್ನಾತಕೋತ್ತರ ಮತ್ತು ಪಿಎಚ್.ಡಿ. ಕೋರ್ಸುಗಳೂ ಅದರಲ್ಲಿದ್ದವು. ಅಧ್ಯಾಪಕರು ಅವಿಶ್ವಾಸ ಸೂಚಿಸಿದ್ದರು. ಅಂಥ ಮತಕ್ಕೆ ಅಲ್ಲಿ ಕಾನೂನಿನ ಬಲವಿಲ್ಲ, ಮಂಡಳಿ ಅಧ್ಯಕ್ಷರ ಪರವಾಗಿಯೇ ನಿಂತಿತು. ರ‍್ಯಾಂಕಿಂಗ್ ಪಟ್ಟಿಯಲ್ಲಿ ಇಂಥದ್ದು ಕಾಣುವುದಿಲ್ಲ.

ರಾಜಕೀಯದ ಹೊಡೆತ ಬೇರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಜಗತ್ತಿನ ಮುಂಚೂಣಿಗೆ ತಂದ ಅಧ್ಯಕ್ಷ ಕ್ಲಾರ್ಕ್ ಕೆರ್ ಅವರನ್ನು ರೊನಾಲ್ಡ್ ರೇಗನ್ ಗವರ್ನರ್ ಆದ ತಿಂಗಳಲ್ಲೇ, 1967ರ ಜನವರಿಯಲ್ಲಿ, ಅಲ್ಲಿನ ಆಡಳಿತ ಮಂಡಳಿಯಾದ ರೀಜೆಂಟರ ಮಂಡಳಿ ವಜಾ ಮಾಡಿತು. ಈಚಿನದೆಂದರೆ 2023ರ ಡಿಸೆಂಬರಿನಲ್ಲಿ ಕ್ಯಾಂಪಸ್‌ಗಳಲ್ಲಿನ ಯಹೂದಿ ದ್ವೇಷದ ಬಗ್ಗೆ ಅಮೆರಿಕದ ಸಂಸತ್ ಸಮಿತಿಯ ಮುಂದೆ ನಡೆದ ವಿಚಾರಣೆ. ಅದಾದ ಕೆಲವೇ ದಿನಗಳಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷೆ ಲಿಜ್ ಮೆಗಿಲ್, 2024ರ ಜನವರಿಯಲ್ಲಿ ಹಾರ್ವರ್ಡ್‌ನ ಕ್ಲೋಡೀನ್ ಗೇ ರಾಜೀನಾಮೆ ಕೊಟ್ಟರು. ಗೇ ಅವರ ಬಳಿಕ ಬಂದ ಆಲನ್ ಗಾರ್ಬರ್ 2025ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಬೇಡಿಕೆಗಳನ್ನು ಒಪ್ಪುವುದಿಲ್ಲವೆಂದರು. ಮೇ ತಿಂಗಳಲ್ಲಿ ಹೊರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹಾರ್ವರ್ಡ್‌ನ ಅನುಮತಿಯನ್ನೇ ಸರ್ಕಾರ ರದ್ದು ಮಾಡಿತು, ಮರುದಿನ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ಆ ಒಂದು ದಿನ ಅಲ್ಲಿ ಓದುತ್ತಿದ್ದ ಹೊರದೇಶದ ಮಕ್ಕಳ ತಂದೆತಾಯಿಗಳಿಗೆ ಅಧ್ಯಕ್ಷರಿಗೂ ಪಾಠಕ್ಕೂ ಏನು ಸಂಬಂಧವೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಗಾರ್ಬರ್ ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ, ನನ್ನ ದೃಷ್ಟಿಯಲ್ಲಿ ಅವರು ನಿಂತದ್ದು ಸರಿ.

ಸಲಹಾ ಕೇಂದ್ರಗಳ ಮೌನಕ್ಕೆ ಇನ್ನೊಂದು ಕಾರಣವೂ ಇರಬಹುದು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯನ್ನು ಕಳುಹಿಸಿದ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರದೇಶದವರ ಬೋಧನಾ ಶುಲ್ಕ ಆ ರಾಜ್ಯದವರಿಗಿಂತ ಬಹಳ ಹೆಚ್ಚು. ರಾಜ್ಯದ ಅನುದಾನ ಇಳಿದಂತೆ ಬಜೆಟ್ ಸರಿದೂಗಿಸುವ ಅಧ್ಯಕ್ಷರಿಗೆ ಈ ಶುಲ್ಕವೇ ಒಂದು ಆಧಾರ. ಹೀಗಿರುವಾಗ ಸೇರ್ಪಡೆ ಕುಸಿಯುತ್ತಿರುವ ವಿಶ್ವವಿದ್ಯಾಲಯದಿಂದ ಪ್ರವೇಶಪತ್ರ ಬೇಗ ಸಿಕ್ಕಿತೆಂದರೆ ಅದನ್ನು ವಿದ್ಯಾರ್ಥಿಯ ಯೋಗ್ಯತೆಗೆ ಸಿಕ್ಕ ಮನ್ನಣೆಯೆಂದು ತಕ್ಷಣ ನಂಬಬಾರದು. ನಮ್ಮ ಕೇಂದ್ರ ಕಮಿಷನ್ ಪಡೆಯುತ್ತದೆಯೇ ಎಂದು ನೇರವಾಗಿ ಕೇಳಿದೆ. ಕೆಲವು ಕಡೆಯಿಂದ ಬರುತ್ತದೆ ಎಂದು ಸಲಹೆಗಾರರು ಮುಚ್ಚಿಡದೆ ಹೇಳಿದರು. ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ಯಾವ ಕಡೆಯಿಂದ ಎಂಬುದನ್ನು ಹಾಳೆಯಲ್ಲೇ ಅಚ್ಚು ಹಾಕಿದ್ದರೆ ಇನ್ನೂ ಹೆಚ್ಚಾಗುತ್ತಿತ್ತು.

ಕೇಂದ್ರದವರು ಮಾಡಬಹುದಾದ್ದು ಕಷ್ಟದ್ದೇನಲ್ಲ. ಈಗಿನ ಅಧ್ಯಕ್ಷರು ಎಂದಿನಿಂದ ಇದ್ದಾರೆ, ಹಿಂದಿನವರು ಏಕೆ ಹೋದರು, ಈಗಿನವರು ಖಾಯಂ ಆಗಿದ್ದಾರೋ ಹಂಗಾಮಿಯೋ, ಈಚೆಗೆ ಯಾವ ವಿಭಾಗಗಳನ್ನು ಮುಚ್ಚಿದ್ದಾರೆ ಎಂಬ ನಾಲ್ಕು ಸಾಲುಗಳನ್ನು ಸ್ವಾಗತದ ಜಾಗದಲ್ಲಿ ಬರೆದರೆ ಸಾಕು. ಸರ್ಕಾರಿ ವಿಶ್ವವಿದ್ಯಾಲಯಗಳ ಮಂಡಳಿ ಸಭೆಗಳ ಕಾರ್ಯಸೂಚಿ, ನಡಾವಳಿಗಳು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತವೆ. ನಾವು ಅವನ್ನು ಮನೆಯಲ್ಲೇ ಕುಳಿತು ಓದಿ, ಪಟ್ಟಿಯ ಮೊದಲ ಹೆಸರನ್ನು ಕೆಳಕ್ಕೆ ಇಳಿಸಿ, ಹನ್ನೆರಡು ವರ್ಷಗಳಿಂದ ಒಬ್ಬರೇ ಅಧ್ಯಕ್ಷರಿರುವ ಇನ್ನೊಂದನ್ನು ಮೇಲಕ್ಕೆ ತಂದೆವು. ಅದರ ರ‍್ಯಾಂಕ್ ತುಸು ಕೆಳಗಿತ್ತು, ಸಲಹೆಗಾರರಿಗೆ ಅದು ಹಿಡಿಸಲಿಲ್ಲ. ಆದರೂ ಹೊಸ ಅರ್ಜಿಯನ್ನು ಹೆಚ್ಚುವರಿ ಶುಲ್ಕ ಕೇಳದೆ ಅಂದೇ ಸಿದ್ಧಪಡಿಸಿಕೊಟ್ಟರು.

ಸಾಲ ಮತ್ತು ವೀಸಾ ಕಡತಕ್ಕಾಗಿ ಮಾತ್ರ ಹೋಗುವವರಿಗೆ 15,000 ರೂಪಾಯಿ ದುಬಾರಿಯೆನಿಸದು. ವಿಶ್ವವಿದ್ಯಾಲಯದ ಆಯ್ಕೆಗೂ ಅವರನ್ನೇ ನಂಬಿ ಹೋಗುವವರು ಆ ಹೊಳಪು ಹಾಳೆಗಳನ್ನು ಮೊದಲ ಭೇಟಿಯಲ್ಲೇ ಕೇಳಿ ಪಡೆದುಕೊಳ್ಳಲಿ. ನಮಗೆ ಅವು ಕೈಸೇರಿದ್ದು ಶುಲ್ಕದ ಎರಡನೆಯ ಕಂತು ಕಟ್ಟಿದ ಮೇಲೆ.