ಬಾಯಿಮಾತು ನಂಬಿ ಸೆಮಿಸ್ಟರ್ ಬಿಟ್ಟೆ, ಆರು ವಿಷಯಕ್ಕೂ ಎಫ್ ಬಂತು

ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಯಾರಾದರೂ ‘ನೀನು ಹೋಗಮ್ಮ, ನಾನು ನೋಡ್ಕೋತೀನಿ’ ಅಂದರೆ ನಂಬಬೇಡಿ. ಅವರು ಎಷ್ಟೇ ಒಳ್ಳೆಯವರಾಗಿರಲಿ, ನಂಬಬೇಡಿ. ನಾನು ನಂಬಿದೆ. ಇವತ್ತು ನನ್ನ ಮೂರನೇ ಸೆಮ್ ಗ್ರೇಡ್ ಕಾರ್ಡ್‌ನಲ್ಲಿ ಆರು ವಿಷಯ, ಆರೂ ಎಫ್. ಎಸ್‌ಜಿಪಿಎ, ಅಂದರೆ ಸೆಮಿಸ್ಟರ್‌ಗೆ ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ, ಸೊನ್ನೆ. ಮೊದಲ ವರ್ಷ ಎಂಟರ ಮೇಲೆ ತೆಗೆದವಳು ನಾನು.

ಬೆಂಗಳೂರಿನ ಒಂದು ಅಟಾನಮಸ್ (ಪರೀಕ್ಷೆ ತಾನೇ ನಡೆಸುವ) ಎಂಜಿನಿಯರಿಂಗ್ ಕಾಲೇಜು. ಹೆಸರು ಹಾಕುವುದಿಲ್ಲ, ನಾನಿನ್ನೂ ಅಲ್ಲೇ ಓದಬೇಕು. ನಮ್ಮೂರು ಅರಸೀಕೆರೆ ಹತ್ತಿರ. ಸೆಮಿಸ್ಟರ್ ಮಧ್ಯದ ಎರಡನೇ ಟೆಸ್ಟ್, ಅಂದರೆ ಎರಡನೇ ಇಂಟರ್ನಲ್ಸ್, ಮುಗಿದ ವಾರ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹಾಸನದಲ್ಲಿ ಆಪರೇಷನ್ ಆಯಿತು. ಮನೆಯಲ್ಲಿ ಇರುವುದು ನಾನೊಬ್ಬಳೇ ಮಗಳು. ಅಪ್ಪ ತೋಟ ನೋಡಿಕೊಳ್ಳಬೇಕೋ, ಅಮ್ಮನನ್ನು ಎತ್ತಿ ಕೂರಿಸಬೇಕೋ? ಈ ಸೆಮ್ ಬಿಟ್ಟು ಮುಂದಿನ ವರ್ಷ ಬರೆಯೋಣ ಅಂತ ತೀರ್ಮಾನ ಮಾಡಿದೆ.

ಪ್ರಾಕ್ಟರ್ ಹತ್ತಿರ, ಅಂದರೆ ನಮ್ಮನ್ನು ನೋಡಿಕೊಳ್ಳಲು ಕಾಲೇಜು ನೇಮಿಸಿದ ಮೇಷ್ಟ್ರ ಹತ್ತಿರ, ಹೋದೆ. ಲೆಟರ್ ಬರೆದುಕೊಂಡೇ ಹೋಗಿದ್ದೆ, ಇದನ್ನು ನೆನಪಿಟ್ಟುಕೊಳ್ಳಿ. ಅವರು ಲೆಟರ್ ತೆಗೆದುಕೊಂಡು ಮೇಜಿನ ಡ್ರಾಯರ್‌ಗೆ ಹಾಕಿದರು. ‘ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಸೈನ್ ನಾನೇ ಮಾಡಿಸ್ತೀನಿ. ನೀನು ಮೊದಲು ಅಮ್ಮನ್ನ ನೋಡ್ಕೋ ಹೋಗು. ನಂಗೊಂದು ಮೆಸೇಜ್ ಹಾಕಿರು ಸಾಕು’ ಅಂದರು. ವಿತ್‌ಡ್ರಾ ಮಾಡಲು, ಅಂದರೆ ಬರೆದುಕೊಟ್ಟು ವಿಷಯಗಳಿಂದ ಹೊರಬರಲು, ಇನ್ನೂ ಆರು ದಿನ ಇತ್ತು. ಅಂದರೆ ನಾನು ಟೈಮಿಗೆ ಸರಿಯಾಗಿಯೇ ಹೋಗಿದ್ದೆ! ರೈಲಿನಲ್ಲಿ ಕೂತು ಮೆಸೇಜ್ ಹಾಕಿದೆ. ‘ನೋಟೆಡ್, ಟೇಕ್ ಕೇರ್’ ಅಂತ ಉತ್ತರ ಬಂತು. ಅವತ್ತು ಎಷ್ಟು ಒಳ್ಳೆಯವರು ಅನ್ನಿಸಿತು ಗೊತ್ತಾ? ಅಮ್ಮನಿಗೂ ಹೇಳಿದೆ, ನಮ್ಮ ಸಾರ್ ತುಂಬಾ ಒಳ್ಳೆಯವರು ಅಂತ.

ಪರೀಕ್ಷೆ ನಡೆದವು, ನಾನು ಊರಲ್ಲೇ ಇದ್ದೆ. ರಿಸಲ್ಟ್ ದಿನ ಪೋರ್ಟಲ್ ತೆಗೆದರೆ ಎಫ್, ಎಫ್, ಎಫ್. ಏನೋ ತಪ್ಪಾಗಿದೆ ಅಂದುಕೊಂಡು ಮರುದಿನವೇ ಅಪ್ಪನ ಜೊತೆ ರೈಲು ಹತ್ತಿದೆ. ಯಶವಂತಪುರದಲ್ಲಿ ಇಳಿದು ನೇರ ಕಾಲೇಜಿಗೆ.

ಪರೀಕ್ಷಾ ವಿಭಾಗದ ಕೌಂಟರ್‌ನಲ್ಲಿ ಮೊದಲ ಉತ್ತರ: ‘ನಿಮ್ಮ ಲೆಟರ್ ನಮಗೆ ಬಂದೇ ಇಲ್ವಲ್ಲಮ್ಮ. ಇನ್ವರ್ಡ್ ನಂಬರ್ ಎಷ್ಟು?’

ಇನ್ವರ್ಡ್ ನಂಬರ್! ನನಗೆ ಆ ಪದವೇ ಗೊತ್ತಿರಲಿಲ್ಲ. ಆಫೀಸಿಗೆ ಬಂದ ಕಾಗದಕ್ಕೆ ರಿಜಿಸ್ಟರ್‌ನಲ್ಲಿ ಹಾಕುವ ನಂಬರ್ ಅಂತೆ. ಮೆಸೇಜ್ ತೋರಿಸಿದೆ. ‘ವಾಟ್ಸ್ಆ್ಯಪ್ ಎಲ್ಲಾ ರೆಕಾರ್ಡ್ ಅಲ್ಲಮ್ಮ’ ಅಂದರು. ಪ್ರಾಕ್ಟರ್ ಹತ್ತಿರ ಓಡಿದೆ. ಅವರು ಹೇಳಿದ್ದು ಕೇಳಿ: ‘ನೋಟೆಡ್ ಅಂದ್ರೆ ಓದಿದೆ ಅಂತ ಅಷ್ಟೇ. ವಿತ್‌ಡ್ರಾ ಆಯ್ತು ಅಂತ ನಾನೆಲ್ಲಿ ಹೇಳಿದೆ?’ ಲೆಟರ್ ಎಲ್ಲಿ ಸಾರ್ ಅಂದೆ. ‘ಯಾವ ಲೆಟರ್?’ ಅಂದರು. ಅದೇ ಡ್ರಾಯರ್ ಮುಂದೆ ಕೂತು, ಯಾವ ಲೆಟರ್ ಅಂದರು. ನನಗೆ ಕೈಕಾಲು ನಡುಗಿತು. ಆ ಎರಡು ಪದ ಈಗಲೂ ಕಿವಿಯಲ್ಲಿದೆ.

ಎಚ್‌ಒಡಿ ಅಪ್ಪನ ಎದುರೇ ‘ಎಂಜಿನಿಯರಿಂಗ್ ಓದೋ ಹುಡುಗಿಗೆ ರೂಲ್ ಬುಕ್ ಓದೋಕೆ ಬರಲ್ವಾ?’ ಅಂದರು. ಅಪ್ಪ ‘ಸಾರ್, ಏನಾದ್ರೂ ಮಾಡಿ ಸಾರ್’ ಅಂತ ಕೈಮುಗಿದರು. ಕೊಬ್ಬರಿ ಮಾರಿ ಫೀಸು ಕಟ್ಟಿದ ಮನುಷ್ಯ. ಅವರು ಯಾಕೆ ಕೈಮುಗಿಯಬೇಕಿತ್ತು?

ಆಮೇಲೆ ರೂಲ್ ಬುಕ್ ಓದಿದೆ. ಮೊದಲೇ ಓದಬೇಕಿತ್ತು, ನಿಜ. ನಮ್ಮ ಕಾಲೇಜಿನಲ್ಲಿ ಮೊದಲನೇ ಇಂಟರ್ನಲ್ಸ್ ಆದಮೇಲೆ ವಿಷಯ ‘ಡ್ರಾಪ್’ ಮಾಡಿದರೆ ಕಾರ್ಡ್‌ನಲ್ಲಿ ಅದು ಕಾಣುವುದೇ ಇಲ್ಲ. ಎರಡನೆಯದಾದ ಮೇಲೆ ‘ವಿತ್‌ಡ್ರಾ’ ಮಾಡಿದರೆ ಡಬ್ಲ್ಯೂ ಅಂತ ಬರುತ್ತದೆ. ಡಬ್ಲ್ಯೂ ಫೇಲ್ ಅಲ್ಲ. ಮನೆಯಲ್ಲಿ ಇಂಥ ಕಷ್ಟ ಬಂದು ಪರೀಕ್ಷೆ ತಪ್ಪಿದವರಿಗೆ ದಾಖಲೆ ನೋಡಿ ಕೊಡುವ ಐ (ಇನ್‌ಕಂಪ್ಲೀಟ್) ಗ್ರೇಡ್ ಬೇರೆ ಇದೆ. ಅದಕ್ಕೂ ಕೊನೆಯ ದಿನ ಇದೆ. ಇದು ಯಾವುದನ್ನೂ ಮಾಡದೆ ಪರೀಕ್ಷೆಗೆ ಹೋಗದಿದ್ದರೆ ನೇರವಾಗಿ ಎಫ್. ಅಮ್ಮನ ಡಿಸ್ಚಾರ್ಜ್ ಕಾರ್ಡ್ ನನ್ನ ಬ್ಯಾಗಲ್ಲೇ ಇತ್ತು. ಇದೆಲ್ಲ ಗೊತ್ತಿದ್ದವರು ಒಬ್ಬರೂ ಒಂದು ಮಾತು ಹೇಳಲಿಲ್ಲ, ಅದಕ್ಕೇ ಹೊಟ್ಟೆ ಉರಿಯುವುದು. ಈಗ ಇಂಟರ್ನ್‌ಶಿಪ್ ಫಾರಂ ತುಂಬುವಾಗ ‘ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಎಷ್ಟು’ ಅನ್ನುವ ಜಾಗದಲ್ಲಿ ಆರು ಅಂತ ಬರೆಯಬೇಕು.

ಕೋಪದಲ್ಲಿ ಅಪ್ಪ ‘ಕಾಲೇಜೇ ಬೇಡ, ಟಿಸಿ ಕೊಡಿ’ ಅಂದರು. ಆಫೀಸಿನವರು ಉಳಿದ ವರ್ಷಗಳ ಫೀಸು ಪೂರ್ತಿ ಕಟ್ಟಿದರೆ ಮಾತ್ರ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡುತ್ತೇವೆ ಅಂದರು. ಈ ಮಾತು ಬೆಂಗಳೂರಿನಲ್ಲಿ ಎಷ್ಟು ಜನ ಕೇಳಿಲ್ಲ ಹೇಳಿ. ಆದರೆ ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳಬಾರದು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದರ ಪ್ರಿಂಟ್ ತೋರಿಸಿದ ಮೇಲೆ ದನಿ ಸ್ವಲ್ಪ ಇಳಿಯಿತು. ಮೊದಲ ವರ್ಷದವರಿಗೆ ಅದೇ ಕಾಗದದಲ್ಲಿ ಫೀಸಿನ ಲೆಕ್ಕವೂ ಇದೆ: ಪ್ರವೇಶದ ಕೊನೆಯ ದಿನ ಕಳೆದು 15 ದಿನದೊಳಗೆ ಬಿಟ್ಟರೆ 80%, 30 ದಿನದೊಳಗೆ 50%, ಆಮೇಲೆ ಏನೂ ವಾಪಸ್ ಇಲ್ಲ. ಬಿಡುವುದಾದರೆ ಬೇಗ ಬಿಡಿ.

ಲೆಟರ್ ಎರಡು ಪ್ರತಿ ಮಾಡಿ. ಆಫೀಸಿಗೆ ನೀವೇ ಕೊಡಿ. ನಿಮ್ಮ ಪ್ರತಿ ಮೇಲೆ ಸೀಲು, ತಾರೀಕು, ಇನ್ವರ್ಡ್ ನಂಬರ್ ಹಾಕಿಸಿ. ಹಾಕಲ್ಲ ಅಂದರೆ ಅಲ್ಲೇ ನಿಂತು ಪ್ರಿನ್ಸಿಪಾಲ್‌ಗೆ ಮೇಲ್ ಮಾಡಿ. ಊರಿಗೆ ಹೋಗುವ ರೈಲು ತಪ್ಪಿದರೂ ಪರವಾಗಿಲ್ಲ. ನಾನು ಅವತ್ತು ಒಂದು ಗಂಟೆ ಜಾಸ್ತಿ ನಿಂತಿದ್ದರೆ ಸಾಕಿತ್ತು. ಒಂದೇ ಒಂದು ಗಂಟೆ.

ಆರು ವಿಷಯವನ್ನೂ ಒಂದೇ ಬೇಸಿಗೆಯಲ್ಲಿ ತೆಗೆದುಕೊಳ್ಳಲು ಬಿಡುವುದಿಲ್ಲ. ಸಮ್ಮರ್ ಸೆಮ್‌ಗೆ ನಾಲ್ಕು ವಿಷಯ ಹಾಕಿದ್ದೇನೆ, ಪ್ರತಿಯೊಂದಕ್ಕೂ ಬೇರೆ ಫೀಸು. ಉಳಿದೆರಡು ಜೂನಿಯರ್‌ಗಳ ಜೊತೆ ಕೂತು ಓದಬೇಕು. ಯುಜಿಸಿಯ 2023ರ ನಿಯಮದ ಪ್ರಕಾರ ಕಾಲೇಜಿನ ವಿದ್ಯಾರ್ಥಿ ದೂರು ಸಮಿತಿ 15 ಕೆಲಸದ ದಿನದೊಳಗೆ ವರದಿ ಕೊಡಬೇಕು, ಅಲ್ಲಿ ಆಗದಿದ್ದರೆ ಒಂಬುಡ್ಸ್‌ಪರ್ಸನ್ ಹತ್ತಿರ, ಅಂದರೆ ಸಮಿತಿಯ ಮೇಲಿನ ಮೇಲ್ಮನವಿ ಕೇಳುವ ಅಧಿಕಾರಿ ಹತ್ತಿರ, ಹೋಗಬಹುದು. ದೂರು ಕೊಟ್ಟು ಇವತ್ತಿಗೆ 11 ದಿನ. ಈ ಸಲ ಇನ್ವರ್ಡ್ ನಂಬರ್ ನನ್ನ ಹತ್ತಿರ ಇದೆ.